ಶಿರವಾಡದಿಂದ ಪೇಟೆಯವರೆಗೆ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ರೈಲಿನ ವಿಷಯಕ್ಕೆ ನನಗ್ಯಾಕೆ ಪತ್ರ ಅಂತ ನೀವು ಕೇಳಬಹುದು. ಕಾರವಾರದಲ್ಲಿ ರೈಲಿನ ಮನವಿ ಏನೇ ಇದ್ದರೂ ಅದು ಒಂದೋ ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇರುವ ನವಿ ಮುಂಬೈಯ ಬೇಲಾಪುರಕ್ಕೆ ಹೋಗುತ್ತದೆ, ಇಲ್ಲಾ ದಿಲ್ಲಿಗೆ. ಹೊಸ ಗಾಡಿ ಬಿಡಿ, ಇಲ್ಲಿ ನಿಲ್ಲಿಸಿ, ಬೋಗಿ ಜಾಸ್ತಿ ಮಾಡಿ ಅಂತ ಕೇಳುತ್ತೇವೆ. ಅದನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ನಿಲ್ದಾಣದ ಗೇಟಿನಿಂದ ಈಚೆಗಿನ ಮಾತು. ಶಿರವಾಡದಲ್ಲಿ ರೈಲು ಇಳಿದವರು ಕಾರವಾರ ಪೇಟೆ ಮುಟ್ಟಲು ಬೇಕಾದ ಆರೇಳು ಕಿಲೋಮೀಟರ್ ದಾರಿಯ ಮಾತು.

ಆ ದಾರಿ ರೈಲ್ವೆಯದ್ದಲ್ಲ. ಅಲ್ಲಿ ಓಡಬೇಕಾದ ಬಸ್ಸು ರಾಜ್ಯದ್ದು. ರಿಕ್ಷಾ ದರ ನಿಗದಿ ಮಾಡುವ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದ್ದು, ದಾರಿದೀಪ ನಗರಸಭೆ, ಪಂಚಾಯತಿಗಳಿಗೆ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಜಿಲ್ಲೆಯಲ್ಲಿ ಇರುವುದು ನಿಮಗೊಬ್ಬರಿಗೆ. ಅದಕ್ಕೇ ಈ ಪತ್ರ ನಿಮಗೆ.

ಸ್ವಲ್ಪ ಹಳೇ ಕತೆ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಕಾರವಾರಕ್ಕೆ ರೈಲು ಬಂದಿದ್ದು ತೀರಾ ಈಚೆಗೆ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಈ ಊರು ರೈಲಿಗಾಗಿ ಕಾಯಲು ಶುರು ಮಾಡಿ 160 ವರ್ಷ ದಾಟಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅದರ ಹಿಂದೆ ಇದ್ದದ್ದು ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಒಂದು ಬಂದರು ಬೇಕಿತ್ತು. ಕಾರವಾರದ ಕೊಲ್ಲಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮೀನುಗಾರರ ಹಳ್ಳಿಯಾಗಿದ್ದ ಊರು ನೋಡನೋಡುತ್ತ ಜಿಲ್ಲಾ ಕೇಂದ್ರವಾಯಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು.

ಹುಬ್ಬಳ್ಳಿಗೆ ರೈಲು ಬರುತ್ತದೆ ಎಂಬ ಸುದ್ದಿಯೂ ಆಗಲೇ ಹಬ್ಬಿತು. ಹಳೆಯ ಗ್ಯಾಸೆಟಿಯರ್‌ಗಳಲ್ಲಿ ಇದು ದಾಖಲಾಗಿದೆ. 1862ರಿಂದ 1865ರ ನಡುವೆ ಕಾರವಾರ–ಹುಬ್ಬಳ್ಳಿ ರೈಲಿಗಾಗಿ ಜೋರು ಪ್ರಯತ್ನ ನಡೆಯಿತು. ಊರಲ್ಲಿ ಬೀದಿಗಳನ್ನು ಹಾಕಿದರು. ಮನೆ ಕಟ್ಟಲು ಜಾಗ ಮಾರಿದರು. ಅಂದರೆ ಬಾರದ ರೈಲನ್ನು ನಂಬಿ ಆಗಲೇ ಸೈಟು ವ್ಯಾಪಾರ ನಡೆದಿತ್ತು. ನಮ್ಮ ಕಾಲದವರು ಮಾತ್ರ ಹೀಗೆ ಅಂದುಕೊಳ್ಳಬೇಕಿಲ್ಲ ಅಲ್ವಾ? ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಯೋಜನೆಯೂ ಬಿತ್ತು. 1867ರಿಂದ 1874ರವರೆಗೆ ಮತ್ತೊಮ್ಮೆ ಕಡತ ಮೇಲೆದ್ದಿತು, ಮತ್ತೆ ಮಲಗಿತು.

ಕೊನೆಗೆ ಆ ಹಳಿ ಹೋದದ್ದು ಗೋವಾಕ್ಕೆ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. 1880ರ ದಶಕ ಮುಗಿಯುವ ಹೊತ್ತಿಗೆ ಮಾರ್ಮುಗೋವಾ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮೂಲಕ ಹುಬ್ಬಳ್ಳಿ ಕಡೆಗೆ ರೈಲು ಓಡಿತು. ಕಾರವಾರದ ವ್ಯಾಪಾರ ಅತ್ತ ಸರಿಯಿತು. ತಮಾಷೆ ನೋಡಿ, ಕ್ಯಾಸಲ್‌ರಾಕ್ ನಮ್ಮದೇ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿದೆ. ಜಿಲ್ಲೆಗೆ ರೈಲು ಬಂತು, ಜಿಲ್ಲಾ ಕೇಂದ್ರಕ್ಕೆ ಬರಲಿಲ್ಲ. ಅದೇ ದಶಕದಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಈ ಕಡಲತೀರವನ್ನು ಮನಸಾರೆ ಮೆಚ್ಚಿದರು. ತೀರಕ್ಕೆ ಈಗ ಅವರದೇ ಹೆಸರು. ಅವರು ಮೆಚ್ಚಿದ ಆ ನಿಶ್ಶಬ್ದಕ್ಕೆ ರೈಲು ಬಾರದಿದ್ದದ್ದೂ ಒಂದು ಕಾರಣ ಇದ್ದೀತು. ಊರಿನ ವರ್ತಕರು ಅದನ್ನು ಅಷ್ಟೊಂದು ಮೆಚ್ಚಿರಲಿಕ್ಕಿಲ್ಲ.

ಆಮೇಲೆ ನೂರು ವರ್ಷ ಏನೂ ಇಲ್ಲ. ಹಡಗು, ದೋಣಿ, ಆಮೇಲೆ ಬಸ್ಸು. ಪಶ್ಚಿಮ ಕರಾವಳಿಗೆ ರೈಲು ಬೇಕೆಂಬ ಕೂಗಿಗೆ ಬಲ ಬಂದದ್ದು 1989ರ ಕೊನೆಯಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾದರು, ಕೊಂಕಣದ ಮಧು ದಂಡವತೆ ಹಣಕಾಸು ಮಂತ್ರಿಯಾದರು. ಹಳಿ ಕೇಳುವವರೂ ಹಣ ಕೊಡುವವರೂ ಒಂದೇ ಕರಾವಳಿಯವರು. 1990ರ ಜುಲೈನಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಶುರುವಿನಲ್ಲಿ ಕೇಂದ್ರದ ಪಾಲು 51 ಶೇಕಡಾ, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಈ 15ರ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ 740 ಕಿಲೋಮೀಟರ್ ಆಸುಪಾಸು. ತೊಂಬತ್ತಕ್ಕೂ ಹೆಚ್ಚು ಸುರಂಗ, ಸಣ್ಣದು ದೊಡ್ಡದು ಸೇರಿ ಎರಡು ಸಾವಿರದ ಹತ್ತಿರ ಸೇತುವೆ. ಆ ಮಾರ್ಗದ ಅತಿ ಉದ್ದದ ಸೇತುವೆ ನಮ್ಮ ಹೊನ್ನಾವರದ ಶರಾವತಿಯ ಮೇಲಿದೆ, ಎರಡು ಕಿಲೋಮೀಟರಿಗಿಂತ ಉದ್ದ. ತೆಂಕಣ ತುದಿಯಲ್ಲಿ ಉಡುಪಿವರೆಗಿನ ತುಂಡು 1993ರ ಮಾರ್ಚಿನಲ್ಲೇ ತೆರೆಯಿತು. ಗೋವಾದಲ್ಲಿ ಮಾರ್ಗ ಎಲ್ಲಿ ಹೋಗಬೇಕು ಎಂಬ ಜಗಳ, ಪೆರ್ಣೆಂ ಸುರಂಗದಲ್ಲಿ ಪದೇ ಪದೇ ಕುಸಿದ ಮೆತ್ತನೆ ಮಣ್ಣು, ಎಲ್ಲ ದಾಟಿ ಪೂರ್ತಿ ಮಾರ್ಗ ದೇಶಕ್ಕೆ ಸಿಕ್ಕಿದ್ದು 1998ರ ಜನವರಿ 26ಕ್ಕೆ. ಕಾರವಾರ ಕೊನೆಗೂ ಮುಂಬೈಗೆ, ಮಂಗಳೂರಿಗೆ ಹಳಿಯಲ್ಲಿ ಸೇರಿತು. ನಿಗಮದ ಎರಡು ಪ್ರಾದೇಶಿಕ ಕಚೇರಿಗಳಲ್ಲಿ ಒಂದು ರತ್ನಾಗಿರಿಯಲ್ಲಿ, ಇನ್ನೊಂದು ನಮ್ಮಲ್ಲೇ.

ಇನ್ನು ನಿಲ್ದಾಣ ಯಾಕೆ ಶಿರವಾಡದಲ್ಲಿದೆ ಎಂಬ ಪ್ರಶ್ನೆ. ಊರ ಚಹಾದಂಗಡಿಗಳಲ್ಲಿ ಇದಕ್ಕೆ ಹಲವು ಉತ್ತರ ಸಿಗುತ್ತವೆ. ಯಾರದ್ದೋ ಜಮೀನು ಉಳಿಸಲಿಕ್ಕೆ, ಯಾರದ್ದೋ ಜಮೀನಿಗೆ ಬೆಲೆ ಬರಲಿಕ್ಕೆ ಅಂತೆಲ್ಲ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಕಾರಣ ಹಳಿಯ ಲೆಕ್ಕದಲ್ಲೇ ಇದೆ. ಈ ಮಾರ್ಗವನ್ನು ಗಂಟೆಗೆ 160 ಕಿಲೋಮೀಟರ್ ವೇಗಕ್ಕೆ ಅಂತ ಗೆರೆ ಎಳೆದದ್ದು. ಹಾಗಾಗಿ ತಿರುವಿನ ತ್ರಿಜ್ಯ 1250 ಮೀಟರಿಗಿಂತ ಕಡಿಮೆ ಇರಬಾರದು, ಏರು 150 ಮೀಟರಿಗೆ ಒಂದು ಮೀಟರಿಗಿಂತ ಜಾಸ್ತಿ ಇರಬಾರದು ಅಂತ ಕಟ್ಟುನಿಟ್ಟು ಮಾಡಿಕೊಂಡರು. ಅಂಥ ಹಳಿ ಊರೂರಿನ ಬಾಗಿಲಿಗೆ ಬಳುಕಿಕೊಂಡು ಬರಲಾರದು. ಅದು ಅಸ್ನೋಟಿ ಕಡೆಯಿಂದ ಬಂದು ಕಾಳಿ ನದಿಯನ್ನು ಒಳಭಾಗದಲ್ಲಿ ದಾಟುತ್ತದೆ, ಊರಿನ ಪೂರ್ವಕ್ಕೆ ಹಾದು, ಸುಮಾರು ಮೂರು ಕಿಲೋಮೀಟರ್ ಉದ್ದದ ಸುರಂಗ ಹೊಕ್ಕು, ಗುಡ್ಡದ ಆಚೆ ಹಾರವಾಡದ ಕಡೆ ಹೊರಬೀಳುತ್ತದೆ. ಕಾರವಾರದಲ್ಲಿ ಗುಡ್ಡ ಕಡಲಿಗೇ ಬಂದು ಮುಟ್ಟುತ್ತದೆ. ಪೇಟೆಯ ಪಕ್ಕ ಹಳಿ ತರಲು ಜಾಗವೇ ಕಡಿಮೆ.

ಇದು ನಮಗೆ ಮಾತ್ರ ಆದದ್ದೂ ಅಲ್ಲ. ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್. ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಇಳಿದವರು ಕೊಲ್ಲೂರಿಗೆ ಇನ್ನೂ ಘಟ್ಟದ ಬುಡದವರೆಗೆ ಹೋಗಬೇಕು. ಉಡುಪಿಯ ನಿಲ್ದಾಣವೂ ಇಂದ್ರಾಳಿಯಲ್ಲಿ, ಊರಿನ ಹೊರಗೆ. ಆದರೆ ಉಡುಪಿಯವರು ಇಂದ್ರಾಳಿಯಲ್ಲಿ ರಸ್ತೆಗೆ ಬಂದು ನಿಂತರೆ ಸಾಕು, ಮಣಿಪಾಲ–ಉಡುಪಿ ಸಿಟಿ ಬಸ್ಸು ಒಂದರ ಹಿಂದೆ ಒಂದು ಬರುತ್ತದೆ. ಅಲ್ಲಿನ ಖಾಸಗಿ ಬಸ್ಸಿನವರ ಪೈಪೋಟಿ ಆ ದೂರವನ್ನು ಮರೆಸಿಬಿಟ್ಟಿದೆ. ನಮ್ಮಲ್ಲಿ ಅಂಥ ಪೈಪೋಟಿ ಇಲ್ಲ. ಇರುವುದು ಸರ್ಕಾರಿ ಬಸ್ಸು, ಟೆಂಪೋ, ರಿಕ್ಷಾ. ಹಾಗಾಗಿ ನಮ್ಮ ದೂರ ಹಾಗೇ ಉಳಿದಿದೆ.

ನಿಲ್ದಾಣ ಎಲ್ಲಿದೆಯೋ ಅಲ್ಲೇ ಇರುತ್ತದೆ. ಅದನ್ನು ಎತ್ತಿ ತಂದು ಬಸ್ ಸ್ಟ್ಯಾಂಡಿನ ಎದುರು ಇಡಲು ಆಗುವುದಿಲ್ಲ. ಮಧ್ಯದ ದಾರಿಯನ್ನು ಮಾತ್ರ ಚಿಕ್ಕದು ಮಾಡಬಹುದು.

ನಿಲ್ದಾಣದ ಒಳಗಿನ ಬಗ್ಗೆ ನನ್ನದು ದೊಡ್ಡ ತಕರಾರಿಲ್ಲ. ಜಿಲ್ಲಾ ಕೇಂದ್ರದ ಎಷ್ಟೋ ಸರ್ಕಾರಿ ಕಟ್ಟಡಗಳಿಗಿಂತ ಅದು ಚೊಕ್ಕವಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಮಾರ್ಗ ಪೂರ್ತಿ ವಿದ್ಯುತ್ತಿಗೆ ಬದಲಾಗಿದೆ, 2022ರ ಜೂನಿನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಡೀಸೆಲ್ ಹೊಗೆ ಕಡಿಮೆಯಾಗಿದೆ. 2023ರ ಡಿಸೆಂಬರ್ 30ಕ್ಕೆ ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾದಾಗ ನಡುವೆ ಅದಕ್ಕೆ ಕೊಟ್ಟದ್ದು ಎರಡೇ ನಿಲುಗಡೆ, ಉಡುಪಿ ಮತ್ತು ಕಾರವಾರ. ಮತ್ಸ್ಯಗಂಧ, ನೇತ್ರಾವತಿ ನಿಲ್ಲುತ್ತವೆ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಇಲ್ಲಿಂದ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ. ಪಡೀಲ್ ಬೈಪಾಸ್ ಮೂಲಕ ಹೋಗುವುದರಿಂದ ಮಂಗಳೂರಿನ ಒಳಗೆ ಹೋಗಿ ಎಂಜಿನ್ ತಿರುಗಿಸುವ ರಗಳೆ ಅದಕ್ಕಿಲ್ಲ. ಘಟ್ಟದ ಮೇಲಿನ ಬಸ್ಸಿನಲ್ಲಿ ರಾತ್ರಿಯಿಡೀ ತಿರುವು ಎಣಿಸುತ್ತಿದ್ದವರಿಗೆ ಅದು ದೊಡ್ಡ ಉಪಕಾರ.

ಹೀಗೆ ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ನಿದ್ದೆ ಮಾಡಿಕೊಂಡು ಬಂದವರಿಗೆ ಕೊನೆಯ ಆರು ಕಿಲೋಮೀಟರೇ ಕಷ್ಟದ ಪ್ರಯಾಣ. ಶಿರವಾಡದ ಕಡೆ ಬಸ್ಸೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೈಗಾ ರಸ್ತೆಯ ಬಸ್ಸುಗಳು ಆ ಕಡೆಗೇ ಹೋಗುತ್ತವೆ. ಆದರೆ ಅವು ಕದ್ರಾ, ಮಲ್ಲಾಪುರದ ಜನರ ಹೊತ್ತು ನೋಡಿ ಓಡುವ ಬಸ್ಸು, ರೈಲಿನ ಹೊತ್ತು ನೋಡಿ ಅಲ್ಲ. ರೈಲು ಬಂದಾಗ ಬಸ್ಸಿಲ್ಲ, ಬಸ್ಸು ಹೋಗುವಾಗ ರೈಲಿಲ್ಲ.

ಯಾರಿಗೆ ಇದರಿಂದ ತೊಂದರೆ? ಮನೆಯಲ್ಲಿ ಬೈಕು, ಕಾರು ಇದ್ದವರಿಗೆ ಅಷ್ಟೇನಿಲ್ಲ. ಮಗ ಬಂದು ಕರೆದುಕೊಂಡು ಹೋಗುತ್ತಾನೆ. ಉಳಿದವರನ್ನು ನೋಡಿ. ಬೆಳಿಗ್ಗೆ ಗೋವಾದ ಕಡೆ ಪ್ಯಾಸೆಂಜರ್ ಗಾಡಿ ಹತ್ತಿ ಅಲ್ಲಿನ ಕಾರ್ಖಾನೆ, ಹೋಟೆಲು, ಅಂಗಡಿಗಳಲ್ಲಿ ದುಡಿದು ಬರುವವರು ಇದ್ದಾರೆ. ರೈಲಿನ ಟಿಕೆಟ್ಟಿಗಿಂತ ನಿಲ್ದಾಣ ಮುಟ್ಟುವ ಖರ್ಚೇ ಅವರಿಗೆ ಜಾಸ್ತಿ. ಇಬ್ಬರು ಮೂವರು ಸೇರಿ ಒಂದು ರಿಕ್ಷಾ ಮಾಡಿಕೊಳ್ಳುತ್ತಾರೆ. ಒಬ್ಬ ರಜೆ ಹಾಕಿದರೆ ಉಳಿದವರ ಪಾಲು ಏರುತ್ತದೆ. ಇನ್ನು ಕಾಲೇಜು ಮಕ್ಕಳು, ಅವರ ಕೈಯಲ್ಲಿ ಪಾಸ್ ಇದೆ, ಆದರೆ ಆ ಪಾಸ್ ನಡೆಯುವ ಬಸ್ಸು ಆ ಹೊತ್ತಿಗೆ ಇರುವುದಿಲ್ಲ.

ರೋಗಿಗಳ ಮಾತು ಬೇರೆಯೇ ಇದೆ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದದ್ದು ನಿಮಗೆ ಗೊತ್ತಿರುವ ವಿಷಯ. ಅದು ಆಗುವವರೆಗೆ ನಮ್ಮವರು ಮಣಿಪಾಲ, ಮಂಗಳೂರು, ಗೋವಾದ ಬಾಂಬೋಳಿ ಅಂತ ಓಡಾಡುತ್ತಲೇ ಇರಬೇಕು. ಕೀಮೋ ಮುಗಿಸಿ, ಡಯಾಲಿಸಿಸ್ ಮುಗಿಸಿ, ರೈಲಿನಲ್ಲಿ ಮಲಗಿ ಬರಬಹುದು ಎಂಬುದೇ ಅವರಿಗೆ ಸಮಾಧಾನ. ಅಂಥವರು ಇಳಿದ ಮೇಲೆ ಗೇಟಿನ ಹೊರಗೆ ನಿಂತು ದರ ಚೌಕಾಸಿ ಮಾಡಬೇಕೇ?

ಹೆಂಗಸರ ವಿಷಯಕ್ಕೆ ಬಂದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕಾರವಾರದ ಒಬ್ಬ ಹೆಣ್ಣುಮಗಳು ಸರ್ಕಾರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಪುಕ್ಕಟೆ ಹೋಗಿಬರಬಹುದು. ಅದೇ ಹೆಣ್ಣುಮಗಳು ರಾತ್ರಿ ರೈಲಿನಿಂದ ಇಳಿದರೆ ಕೋಡಿಬಾಗಕ್ಕೋ ಬೈತಕೋಲಕ್ಕೋ ಹೋಗಲು ರಿಕ್ಷಾಕ್ಕೆ ದುಡ್ಡು ತೆರಬೇಕು. ಯೋಜನೆಯಲ್ಲಿ ಏನೂ ತಪ್ಪಿಲ್ಲ. ಆ ಹೊತ್ತಿಗೆ ಬಸ್ಸಿಲ್ಲ, ಅಷ್ಟೇ.

ರಿಕ್ಷಾದವರ ಮೇಲೆ ಗೂಬೆ ಕೂರಿಸಲು ಈ ಪತ್ರ ಬರೆಯುತ್ತಿಲ್ಲ. ಅವರದೂ ಒಂದು ಲೆಕ್ಕ ಇದೆ. ರಾತ್ರಿ ಗಾಡಿ ಎರಡು ಗಂಟೆ ಲೇಟು ಅಂದರೆ ಅವರೂ ಎರಡು ಗಂಟೆ ಸೊಳ್ಳೆ ಕಚ್ಚಿಸಿಕೊಂಡು ಕಾಯುತ್ತಾರೆ. ಪೇಟೆಗೆ ಬಿಟ್ಟು ಬರುವಾಗ ಖಾಲಿ ಬರಬೇಕು. ದರ ಹೇಳುವವನಿಗೂ ಕೇಳುವವನಿಗೂ ಮುಂದೆ ಒಂದು ಬೋರ್ಡು ಇದ್ದರೆ ಜಗಳ ಅರ್ಧ ಕಡಿಮೆ. ಶಿರವಾಡದಿಂದ ಬಸ್ ಸ್ಟ್ಯಾಂಡಿಗೆ ಇಷ್ಟು, ಕೋಡಿಬಾಗಕ್ಕೆ ಇಷ್ಟು, ಸದಾಶಿವಗಡಕ್ಕೆ ಇಷ್ಟು, ರಾತ್ರಿ ಹತ್ತರ ಮೇಲೆ ಇಷ್ಟು ಜಾಸ್ತಿ. ಖಾಲಿ ವಾಪಸು ಬರುವ ಖರ್ಚನ್ನೂ ಅದರಲ್ಲೇ ಸೇರಿಸಿ, ಮೋಸ ಬೇಡ. ದೊಡ್ಡ ಊರುಗಳ ಹಾಗೆ ಪ್ರೀಪೇಯ್ಡ್ ಕೌಂಟರ್ ಇಟ್ಟರೆ ಇನ್ನೂ ಒಳ್ಳೆಯದು. ಆದರೆ ಮೊದಲು ಒಂದು ಬೋರ್ಡು ಸಾಕು.

ಮುಖ್ಯವಾಗಿ ಬೇಕಾದದ್ದು ಬಸ್ಸು. ಇಡೀ ದಿನ ಓಡಿಸಿ ಅಂತಿಲ್ಲ. ಹಾಗೆ ಓಡಿಸಿದರೆ ಖಾಲಿ ಓಡುತ್ತದೆ. ಆರು ತಿಂಗಳಲ್ಲಿ ನಷ್ಟದ ಪಟ್ಟಿಗೆ ಸೇರಿ ನಿಂತುಹೋಗುತ್ತದೆ. ಮುಖ್ಯವಾದ ನಾಲ್ಕೈದು ಗಾಡಿಗಳಿಗೆ ಮಾತ್ರ ಬಸ್ಸು ಕೊಡಿ. ಬೆಳಿಗ್ಗೆ ಬೆಂಗಳೂರಿನಿಂದ ಬರುವ ಗಾಡಿ, ಸಂಜೆ ಬೆಂಗಳೂರಿಗೆ ಹೋಗುವ ಗಾಡಿ, ಗೋವಾ ಕಡೆಯ ಪ್ಯಾಸೆಂಜರ್ ಹೋಗುವಾಗ ಮತ್ತು ಬರುವಾಗ, ಮುಂಬೈಯ ಒಂದು. ಬಸ್ಸು ನಿಲ್ದಾಣದ ಬಾಗಿಲಿಗೇ ಬರಬೇಕು, ರಸ್ತೆ ಕೂಡುವಲ್ಲಿ ಇಳಿಸಿ ಹೋಗಬಾರದು. ಲಗೇಜು, ಮಗು, ಮಳೆ ಮೂರೂ ಇದ್ದಾಗ ಅಲ್ಲಿಂದ ನಿಲ್ದಾಣದವರೆಗಿನ ದೂರ ತುಂಬಾ ದೊಡ್ಡದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕೊಂಕಣ ಮಾರ್ಗದಲ್ಲಿ ರೋಹಾದಿಂದ ವೀರ್‌ವರೆಗಿನ ಐವತ್ತು ಕಿಲೋಮೀಟರಿಗೂ ಕಡಿಮೆ ಭಾಗ ಬಿಟ್ಟರೆ ಉಳಿದಿದ್ದೆಲ್ಲ ಒಂಟಿ ಹಳಿ. ಎದುರಿನ ಗಾಡಿ ಬರುವವರೆಗೆ ಈ ಗಾಡಿ ಯಾವುದೋ ಸಣ್ಣ ನಿಲ್ದಾಣದಲ್ಲಿ ಕ್ರಾಸಿಂಗ್‌ಗೆ ನಿಲ್ಲಬೇಕು. ಒಂದು ಲೇಟಾದರೆ ಅದರ ಹಿಂದಿನವೆಲ್ಲ ಲೇಟು. ಹಾಗಾಗಿ ಗಡಿಯಾರ ನೋಡಿ ಹೊರಡುವ ಬಸ್ಸು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೈಯಲ್ಲಿ ಮೊಬೈಲು ಇದೆ. ಗಾಡಿ ಅಂಕೋಲಾ ಬಿಟ್ಟಿತೋ, ಅಸ್ನೋಟಿ ಬಿಟ್ಟಿತೋ ಎಂದು ಅದರಲ್ಲೇ ಕಾಣುತ್ತದೆ. ಗಾಡಿ ಬಂದು ಹದಿನೈದು ನಿಮಿಷ ಆದ ಮೇಲೆ ಬಸ್ಸು ಹೊರಡಬೇಕು ಎಂಬ ಒಂದು ಸಾಲಿನ ಆದೇಶ ಸಾಕು. ಚಾಲಕ, ನಿರ್ವಾಹಕರ ಕೆಲಸದ ಅವಧಿಯಲ್ಲಿ ಆ ಕಾಯುವ ಹೊತ್ತನ್ನೂ ಸೇರಿಸಬೇಕು. ಇಲ್ಲವಾದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ, ಅವರನ್ನು ದೂರಿ ಪ್ರಯೋಜನ ಇಲ್ಲ.

ಮಳೆಗಾಲ ಬಂದಾಗ ಇನ್ನೊಂದು ಲೆಕ್ಕ. ಕೊಂಕಣ ಮಾರ್ಗಕ್ಕೆ ವರ್ಷಕ್ಕೆ ಎರಡು ವೇಳಾಪಟ್ಟಿ. ಬಹಳ ವರ್ಷ ಜೂನ್ 10ರಿಂದ ಅಕ್ಟೋಬರ್ ಕೊನೆಯವರೆಗೆ ಮಳೆಗಾಲದ ಪಟ್ಟಿ ಇರುತ್ತಿತ್ತು, 2025ರಲ್ಲಿ ಅದನ್ನು ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಆ ದಿನಗಳಲ್ಲಿ ಗಾಡಿಗಳ ವೇಗ ಕಡಿಮೆ. ಗುಡ್ಡ ಕಡಿದ ಜಾಗಗಳಲ್ಲಿ ಹಗಲೂ ರಾತ್ರಿ ಗಸ್ತಿನವರು ಹಳಿ ಕಾಯುತ್ತಾರೆ. ಕೊಡೆ, ಟಾರ್ಚು ಹಿಡಿದು ಸುರಿಮಳೆಯಲ್ಲಿ ನಡೆಯುವ ಆ ಜನರಿಗೆ ಒಂದು ನಮಸ್ಕಾರ ಹೇಳದೆ ಮುಂದೆ ಹೋಗಲಾರೆ. ಗಾಡಿಯ ಹೊತ್ತು ಬದಲಾದ ದಿನವೇ ಬಸ್ಸಿನ ಹೊತ್ತೂ ಬದಲಾಗಬೇಕು. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಗಾಡಿಗಳ ಹೊತ್ತಿನ ಬೋರ್ಡು ಕನ್ನಡದಲ್ಲಿ ಇರಬೇಕು, ಜತೆಗೆ ಕೊಂಕಣಿ, ಮರಾಠಿ ಓದುವವರಿಗೆ ದೇವನಾಗರಿಯಲ್ಲೂ. ಹಳೆ ಪಟ್ಟಿ ತೆಗೆದು ಹೊಸದು ಹಾಕುವ ಕೆಲಸ ಯಾರದ್ದು ಅಂತ ಒಬ್ಬರ ಹೆಸರಿಗೆ ಬರೆಯಿರಿ. ಇಲ್ಲದಿದ್ದರೆ ಜನವರಿಯಲ್ಲೂ ಮಳೆಗಾಲದ ಪಟ್ಟಿ ತೂಗುತ್ತಿರುತ್ತದೆ.

2024ರ ಮಳೆಗಾಲ ನಿಮ್ಮ ಕಚೇರಿಗೆ ಮರೆತಿರಲಿಕ್ಕಿಲ್ಲ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಲಾರಿ ಸಮೇತ ನದಿಗೆ ಬಿತ್ತು. ನಮ್ಮ ಕರಾವಳಿಗೆ ಉದ್ದಕ್ಕೆ ಇರುವುದು ಒಂದೇ ಹೆದ್ದಾರಿ, 66. ಅದು ನಿಂತ ದಿನ ಉಳಿಯುವ ಇನ್ನೊಂದು ದಾರಿ ಈ ರೈಲು. ಅಂಥ ದಿನ ಊರಿಗೆ ಊರೇ ಶಿರವಾಡದ ಕಡೆ ಹೊರಟರೆ ಅವರನ್ನು ಹೇಗೆ ಮುಟ್ಟಿಸುವುದು ಎಂಬ ಯೋಚನೆ ಜಿಲ್ಲೆಯ ವಿಪತ್ತು ನಿರ್ವಹಣೆಯ ಕಡತದಲ್ಲಿ ಇರಲೇಬೇಕು. ದಿನವೂ ಓಡುವ ಬಸ್ಸು ಇದ್ದರೆ ಆವತ್ತು ಅದನ್ನೇ ಹೆಚ್ಚು ಮಾಡಬಹುದು. ಇಲ್ಲದ್ದನ್ನು ಆವತ್ತೇ ಹುಟ್ಟಿಸಲು ಆಗುವುದಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಬಸ್ಸಿಗೆ ಬೇಕಾದ್ದು ದೊಡ್ಡ ಮೊತ್ತವಲ್ಲ. ದಾರಿದೀಪ, ಕಾಲುದಾರಿ, ನಿಲ್ದಾಣದ ಮುಂದೆ ಬಸ್ಸು ನಿಲ್ಲುವ ಮಾಡು, ಇವಕ್ಕೆ ಸ್ವಲ್ಪ ಬೇಕು. ಈಗ ಆ 15 ಶೇಕಡಾ ನೆನಪು ಮಾಡಿಕೊಳ್ಳಿ. ಕೊಂಕಣ ರೈಲ್ವೆ ಒಂದು ನಿಗಮ. ಉಳಿದ ರೈಲ್ವೆ ವಲಯಗಳ ಹಾಗೆ ಕೇಂದ್ರದ ಬಜೆಟ್ಟಿನಿಂದ ನೇರ ಹಣ ಅದಕ್ಕೆ ಸಲೀಸಾಗಿ ಬರುವುದಿಲ್ಲ. ಮಹಾರಾಷ್ಟ್ರ ಇದನ್ನು ಅರ್ಥ ಮಾಡಿಕೊಂಡು, ತನ್ನ ಭಾಗದ ಕೊಂಕಣ ನಿಲ್ದಾಣಗಳ ಮುಂಭಾಗಕ್ಕೂ ಕೂಡುರಸ್ತೆಗಳಿಗೂ ತನ್ನ ಲೋಕೋಪಯೋಗಿ ಇಲಾಖೆಯಿಂದಲೇ ಹಣ ಹಾಕಿತು. ರಾಜ್ಯವೂ ಪಾಲುದಾರ, ನಿಲ್ದಾಣಕ್ಕೆ ಬರುವವರೂ ತನ್ನ ಜನ ಎಂಬ ಲೆಕ್ಕ. ಕರ್ನಾಟಕವೂ ಪಾಲುದಾರನೇ. ಅಸ್ನೋಟಿಯಿಂದ ಭಟ್ಕಳದವರೆಗೆ ನಮ್ಮ ಜಿಲ್ಲೆಯಲ್ಲೇ ಹನ್ನೆರಡರ ಆಸುಪಾಸು ನಿಲ್ದಾಣಗಳಿವೆ. ಅಂಥದ್ದೇ ಒಂದು ಪ್ರಸ್ತಾವ ನಿಮ್ಮ ಕಚೇರಿಯಿಂದ ಬೆಂಗಳೂರಿಗೆ ಹೋಗಲಿ ಎಂಬುದು ನನ್ನ ಬೇಡಿಕೆ.

ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಮಾತು ನಡೆಯುತ್ತಿದೆ, 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿದೆ, ಅದಾದ ಮೇಲೆ ನೋಡೋಣ ಅಂತ ಯಾರಾದರೂ ಹೇಳಿಯಾರು. ವಿಲೀನ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಜೋಡಿ ಹಳಿಗೆ ಬೇಕಾದ ದೊಡ್ಡ ಹಣ ಬೇರೆ ದಾರಿಯಲ್ಲಿ ಬರುವುದು ಕಷ್ಟ. ಆದರೆ ವಿಲೀನವಾದರೆ ಗೇಟಿನ ಒಳಗಿನ ಯಜಮಾನರು ಬದಲಾಗುತ್ತಾರೆ, ಹೊರಗಿನವರು ಬದಲಾಗುವುದಿಲ್ಲ. ಹೊರಗೆ ಇರುವವರು ಇವತ್ತೂ ನೀವೇ, ಆಮೇಲೂ ನೀವೇ.

ಹುಬ್ಬಳ್ಳಿ–ಅಂಕೋಲಾ ರೈಲಿನ ಬಗ್ಗೆ ಯಾಕೆ ಒಂದು ಮಾತೂ ಇಲ್ಲ ಅಂತ ಕೆಲವರು ನನ್ನ ಮೇಲೆ ಸಿಟ್ಟಾಗಬಹುದು. 1990ರ ದಶಕದ ಕೊನೆಗೆ ಮಂಜೂರಾದ, ಸುಮಾರು 165 ಕಿಲೋಮೀಟರಿನ ಮಾರ್ಗ ಅದು. ಅದರ ದಾರಿಯಲ್ಲಿ ಸುಮಾರು 600 ಹೆಕ್ಟೇರ್ ಕಾಡು ಇದೆ, ಹುಲಿ ಇದೆ, ಕೋರ್ಟು ಇದೆ. ಕಾರವಾರದಿಂದ ಹುಬ್ಬಳ್ಳಿಗೆ ರೈಲಿನಲ್ಲೇ ಹೋಗುತ್ತೇನೆ ಅಂದರೆ ಇವತ್ತಿಗೂ ಮಡಗಾಂವ್‌ಗೆ ಹೋಗಿ, ಅದೇ ಕ್ಯಾಸಲ್‌ರಾಕ್ ಘಟ್ಟ ಹತ್ತಬೇಕು, 1880ರ ದಶಕದ ಹಳಿಯ ಮೇಲೆ. ಆ ರೈಲು ಬೇಕೋ ಬೇಡವೋ ಎಂಬ ಜಗಳ ದೊಡ್ಡದು, ಎರಡೂ ಕಡೆ ನ್ಯಾಯ ಇದೆ, ನಿಮ್ಮ ಕೈಯಲ್ಲಿ ತೀರ್ಮಾನ ಇಲ್ಲ. ಶಿರವಾಡದ ಬಸ್ಸಿಗೆ ಯಾವ ಮರವನ್ನೂ ಕಡಿಯಬೇಕಿಲ್ಲ, ಯಾವ ಮಂಡಳಿಯೂ ಒಪ್ಪಬೇಕಿಲ್ಲ.

ಪ್ರವಾಸೋದ್ಯಮದ ಸಭೆಗಳಲ್ಲಿ ಕಾರವಾರವನ್ನು ಬೆಳೆಸುವ ಮಾತು ಆಗಾಗ ಬರುತ್ತದೆ. ಟಾಗೋರ್ ತೀರ, ಯುದ್ಧನೌಕೆ ಸಂಗ್ರಹಾಲಯ, ಕುರುಮಗಡ, ದೇವಬಾಗ ಎಲ್ಲ ಇವೆ. ವಂದೇ ಭಾರತದಲ್ಲಿ ಗೋವಾದಿಂದ ಒಂದು ಗಂಟೆ ಸುಮಾರಿಗೆ ಇಲ್ಲಿಗೆ ಬರಬಹುದು. ಆದರೆ ಇಳಿದವರಿಗೆ ಕಡಲು ಯಾವ ದಿಕ್ಕಿಗಿದೆ ಅಂತಲೂ ಕಾಣುವುದಿಲ್ಲ. ಹೊಸ ಸಂಗೀತ ಕಾರಂಜಿಗೆ ಅಂತ ಹಣ ತೆಗೆದಿಟ್ಟಿದ್ದರೆ ಮೊದಲು ಅದರಲ್ಲಿ ಒಂದು ಬಸ್ಸು ಬಿಡಿ. ನಿಲ್ದಾಣದಿಂದ ತೀರದವರೆಗೆ ನೇರ ಹೋಗುವ, ಹಣೆಯ ಮೇಲೆ 'ರೈಲ್ವೆ ಸ್ಟೇಷನ್' ಅಂತ ದೊಡ್ಡದಾಗಿ ಬರೆದ ಬಸ್ಸು. ಊರಿನವರೂ ಅದರಲ್ಲೇ ಹೋಗುತ್ತಾರೆ.

ಒಂದು ಸಭೆ ಕರೆಯಿರಿ ಅನ್ನುವುದು ನನ್ನ ವಿನಂತಿ. ಕೊಂಕಣ ರೈಲ್ವೆಯ ಪ್ರಾದೇಶಿಕ ಅಧಿಕಾರಿ ಕಾರವಾರದಲ್ಲೇ ಇದ್ದಾರೆ. ವಾಯವ್ಯ ಸಾರಿಗೆಯ ವಿಭಾಗ ಕಚೇರಿ ಶಿರಸಿಯಲ್ಲಿದೆ, ಅಲ್ಲಿಂದ ಒಬ್ಬರು ಘಟ್ಟ ಇಳಿದು ಬರಲಿ. ಆರ್‌ಟಿಒ, ನಗರಸಭೆ, ಶಿರವಾಡ ಪಂಚಾಯತಿ, ರಿಕ್ಷಾ ಸಂಘದವರು, ದಿನವೂ ಗೋವಾಕ್ಕೆ ಓಡಾಡುವ ಇಬ್ಬರು ಮೂವರು ಪ್ರಯಾಣಿಕರು ಇರಲಿ. ಮೂರು ತಿಂಗಳ ಪ್ರಯೋಗ ಅಂತಲೇ ಶುರು ಮಾಡಿ. ಯಾವ ಗಾಡಿಗೆ ಎಷ್ಟು ಜನ ಬಸ್ಸು ಹತ್ತಿದರು ಅಂತ ಟಿಕೆಟ್ ಯಂತ್ರವೇ ಹೇಳುತ್ತದೆ. ಜನ ಹತ್ತದ ಹೊತ್ತಿನ ಬಸ್ಸು ನಿಲ್ಲಿಸಿ, ಹತ್ತುವ ಹೊತ್ತಿಗೆ ಇನ್ನೊಂದು ಸೇರಿಸಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮುಂದಿನ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬರುವ ದಿನವನ್ನೇ ಗಡುವು ಅಂತ ಇಟ್ಟುಕೊಳ್ಳಬಹುದು. ಹೇಗೂ ಆ ದಿನ ಎಲ್ಲ ಹೊತ್ತೂ ಬದಲಾಗುತ್ತದೆ, ಬೋರ್ಡು ಹೊಸದಾಗಿ ಬರೆಯಲೇಬೇಕು. ಬಸ್ಸಿನ ಹೊತ್ತನ್ನೂ ಅದರಲ್ಲೇ ಬರೆಸಿಬಿಡಿ.

ಇಂತಿ ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ರೈಲು ಪ್ರಯಾಣಿಕ